ಅರವತ್ತನೇ ದಿನದ ಊತ

ಅಮ್ಮನ ಎಡ ಮಂಡಿಗೆ ಕೃತಕ ಕೀಲು ಹಾಕಿಸುವ ಮುಂಚೆ ಮೂರು ತಿಂಗಳು ಲೆಕ್ಕ ಹಾಕಿದ್ದೆ. ಆರೋಗ್ಯ ವಿಮೆ ಪಾಲಿಸಿಯ ಕಾಯುವ ಅವಧಿ ಮುಗಿದಿತ್ತು. ರೂಮ್ ಬಾಡಿಗೆ ಮಿತಿ ದಾಟದಂತೆ ಇಬ್ಬರಿರುವ ಕೋಣೆ ಹಿಡಿದೆ. ದಾಟಿದ್ದರೆ ಡಾಕ್ಟರ್ ಫೀಸಿಗೂ ಅದೇ ಅನುಪಾತದಲ್ಲಿ ಕತ್ತರಿ ಬೀಳುತ್ತಿತ್ತು. ಕೀಲಿನ ಬೆಲೆಗಂತೂ 2017ರ ಆಗಸ್ಟ್‌ನಲ್ಲೇ ಕೇಂದ್ರ ಸರ್ಕಾರ ಮೂಗುದಾರ ಹಾಕಿದೆ. ಆಪರೇಷನ್ ಕ್ಯಾಶ್‌ಲೆಸ್‌ನಲ್ಲಿ ಮುಗಿದು, ನಾಲ್ಕನೇ ದಿನ ಮನೆಗೆ ಬಂದೆವು. ಲೆಕ್ಕ ತಪ್ಪಿದ್ದು ಅಲ್ಲಿಂದ.

‘ಏನೋ ಇದು, ಕಾಲೋ ಬಾಳೆದಿಂಡೋ?’ ಅಂದರು ಅಮ್ಮ. ಮಂಡಿಯಿಂದ ಪಾದದವರೆಗೆ ಊತ. ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ ಅಂದ ಫಿಸಿಯೋ ಹುಡುಗ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಬೇಕು. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಬೇಕು. ದಿಂಬನ್ನು ಹಿಮ್ಮಡಿಯ ಕಡೆಗೆ ಕೊಡಬೇಕು. ಮಂಡಿಯ ಕೆಳಗೆ ಕೊಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಪೂರ್ತಿ ನೆಟ್ಟಗಾಗದೆ ಬಾಗಿದಂತೆ ಬಿಗಿಯುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಅಮ್ಮ ಒಂದು ದಿನ ಹುರುಪಿನಲ್ಲಿ ಪಕ್ಕದ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿಬಂದರು. ಸಂಜೆಗೆ ಊತ ಮತ್ತೆ ಮೊದಲಿನಷ್ಟೇ.

ಫಿಸಿಯೋಗೆ ದಿನಕ್ಕೆ 700 ರೂಪಾಯಿ. ಮೂರು ವಾರ ದಿನಾ, ಆಮೇಲೆ ಎಂಟು ವಾರ ವಾರಕ್ಕೆ ಮೂರು ಸಲ: ಒಟ್ಟು 31,500. ಪಾಲಿಸಿ ಡಿಸ್ಚಾರ್ಜ್ ಆದಮೇಲಿನ 60 ದಿನದ ಖರ್ಚು ಕೊಡುತ್ತದೆ ಅಂತ ನಾನು ನಿಶ್ಚಿಂತೆಯಿಂದಿದ್ದೆ. ಕ್ಲೇಮ್ ಹಾಕಿದಾಗ ವಿಮೆಯವರು ಡಾಕ್ಟರ್ ಬರೆದ ಚೀಟಿ ಕೇಳಿದರು, ಬಾಯಲ್ಲಿ ಹೇಳಿದ್ದು ಸಾಲದಂತೆ. ದುಡ್ಡನ್ನು ಫೋನಿನಲ್ಲೇ ಕಳಿಸಿದ್ದೆ, ಬಿಲ್ ಒಂದೂ ಇಲ್ಲ. ಹುಡುಗ ಪಾಪ, ಕೂತು ತಾರೀಖುವಾರು ರಸೀದಿ ಬರೆದುಕೊಟ್ಟ. ಡಾಕ್ಟರ ಚೀಟಿಗೆ ಎರಡು ಸಲ ಆಟೋದಲ್ಲಿ ಅಲೆದೆ. ವಾಕರ್‌ಗೆ, ಕಮೋಡ್ ಎತ್ತರಿಸುವ ಸೀಟಿಗೆ ಚಿಕ್ಕಾಸೂ ಬರಲಿಲ್ಲ. 61ನೇ ದಿನದಿಂದ ಎಲ್ಲವೂ ನನ್ನ ಜೇಬಿನದು, ಊತಕ್ಕೇನು ಪಾಲಿಸಿ ಓದಲು ಬರುತ್ತದೆಯೇ?

ನಾನು ಕೊಸರಾಡದೆ ಕೊಟ್ಟ ದುಡ್ಡೂ ಒಂದಿದೆ. ಮೂರನೇ ವಾರ ಅಮ್ಮನ ಮೀನಖಂಡ ಗಟ್ಟಿಯಾಗಿ ನೋಯತೊಡಗಿತು. ರಕ್ತ ಹೆಪ್ಪುಗಟ್ಟಿದ್ದರೆ ಅಂತ ಡಾಕ್ಟರು ಅಂದೇ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು, 2,800 ರೂಪಾಯಿ. ಏನೂ ಇರಲಿಲ್ಲ. ಊತದ ಜೊತೆ ಮೀನಖಂಡದ ನೋವು, ಜ್ವರ, ಗಾಯದಿಂದ ಕೀವು ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ಎಮರ್ಜೆನ್ಸಿಗೆ. ಅಲ್ಲಿ ಲೆಕ್ಕದ ಪುಸ್ತಕ ತೆಗೆಯಬೇಡಿ.

ಆರನೇ ತಿಂಗಳಲ್ಲಿ ಅಮ್ಮ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಹಪ್ಪಳ ಒಣಗಿಸಿದರು. ಇಳಿದು ಬಂದು, ‘ಬಲಗಾಲಿನದೂ ಮಾಡಿಸಿಬಿಡೋಣ ಕಣೋ’ ಅಂದರು. ಮರುದಿನವೇ ಬ್ಯಾಂಕಿಗೆ ಹೋಗಿ ಒಂದು ಆರ್‌ಡಿ ತೆರೆದೆ. ಆಪರೇಷನ್ನಿಗಲ್ಲ, ಅದರ ಆಮೇಲಿನ ತಿಂಗಳುಗಳಿಗೆ.