ತಂಗಡಿ ಗಿಡದ ಗುಣಗಳೂ ಉಪಯೋಗವೂ

ಹಿಮಾಲಯದಲ್ಲಿ ಮರಗಳು ಬಾಳಲಾರದ ಎತ್ತರದಲ್ಲಿಯೂ ಕೆಲವು ಹೂಗಿಡಗಳು ನೆಲಕ್ಕಂಟಿಕೊಂಡು, ಬೇರನ್ನು ಆಳಕ್ಕಿಳಿಸಿ, ಚಳಿಗಾಳಿಯನ್ನು ಸಹಿಸಿ ಬದುಕುತ್ತವೆ. ಕೋಲಾರ, ಮಾಲೂರು, ಮುಳಬಾಗಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಗಿಡಗಳಿಗೆ ಚಳಿಗಿಂತ ಬರವೇ ಶತ್ರು. ಅದನ್ನು ಎದುರಿಸಿ ನಿಲ್ಲುವ ಹೂಗಿಡಗಳಲ್ಲಿ ತಂಗಡಿಯು ಮುಖ್ಯವಾದುದು. ಇದಕ್ಕೆ ಆವರಿಕೆಯೆಂದೂ, ತೆಲುಗಿನಲ್ಲಿ ತಂಗೇಡು ಎಂದೂ ಹೆಸರು.

ಲಕ್ಷಣಗಳು.— ಇದು ಆಳುದ್ದದ ಪೊದೆ. ಒಂದೊಂದು ಎಲೆಯಲ್ಲಿ 8 ರಿಂದ 12 ಜೊತೆ ಕಿರುಎಲೆಗಳಿರುತ್ತವೆ. ಹೂವು ಹೊನ್ನಿನ ಬಣ್ಣದ್ದು, ಎಸಳುಗಳು 5, ಕಾಯಿ ಚಪ್ಪಟೆ. ದನಗಳು ಇದನ್ನು ಸಾಮಾನ್ಯವಾಗಿ ಮೇಯುವುದಿಲ್ಲ. ಆದಕಾರಣ ಗೋಮಾಳದಲ್ಲಿ ಹುಲ್ಲು ಮುಗಿದ ಮೇಲೂ ಇದು ಉಳಿದಿರುತ್ತದೆ.

ಉಪಯೋಗ.— ತೊಗಟೆಯು ಚರ್ಮ ಹದಮಾಡುವುದಕ್ಕೆ ಹೆಸರಾದುದು. ಎಳೆಯ ರೆಂಬೆಗಳನ್ನು ಕಡಿದು, ನಾಟಿಗೆ ಮುಂಚೆ ಗದ್ದೆಯ ಕೆಸರಿನಲ್ಲಿ ತುಳಿದರೆ ಒಳ್ಳೆಯ ಹಸುರೆಲೆ ಗೊಬ್ಬರವಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಉಪಕಾರವು ಬೇರಿನದು. ನಿತ್ಯ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಗಳೇ ಆಧಾರ. ಇಳಿಜಾರಿನ ತಂಗಡಿಯನ್ನು ಬೇರುಸಹಿತ ಕಿತ್ತರೆ, ಮುಂದಿನ ಮಳೆಗೆ ಆ ಮಣ್ಣೆಲ್ಲವೂ ಹೂಳಾಗಿ ಕೆರೆಯನ್ನು ಸೇರುವುದು. ಮಣ್ಣು ಹೋದ ನೆಲವೂ ಕೆಡುವುದು, ನೀರು ಹಿಡಿಯದ ಕೆರೆಯೂ ಕೆಡುವುದು.

ಅನುಸರಿಸತಕ್ಕ ಕ್ರಮ.—

1. ಗಿಡವನ್ನು ಕೀಳದೆ, ನೆಲದಿಂದ ಒಂದು ಗೇಣು ಬಿಟ್ಟು ಕಡಿಯತಕ್ಕದ್ದು. ಬುಡವು ಮಳೆಗೆ ಮತ್ತೆ ಚಿಗುರುತ್ತದೆ.

2. ಬೀಜಕ್ಕಾಗಿ ಅಲ್ಲಲ್ಲಿ ಕೆಲವು ಗಿಡಗಳನ್ನು ಕಡಿಯದೆ ಬಿಡತಕ್ಕದ್ದು.

3. ಇದು ಕೆರೆಗೆ ನೀರು ಹರಿದು ಬರುವ ಇಳಿಜಾರುಗಳಿಗೂ ಹೊಲದ ಬದುಗಳಿಗೂ ಯೋಗ್ಯವು. ಕೆರೆಯ ಏರಿಯ ಮೇಲೆ ಮಾತ್ರ ಬೆಳೆಯಗೊಡಬಾರದು. ಬೇರು ಸತ್ತ ಜಾಗದಲ್ಲಿ ನೀರು ಜಿನುಗಲು ಹಾದಿಯಾಗುವುದು.

ಗ್ರಾಮದ ಮುಖಂಡರು ಮಳೆಗಾಲಕ್ಕೆ ಮುಂಚೆಯೇ ಈ ಕಟ್ಟುಪಾಡನ್ನು ಊರವರಿಗೆ ತಿಳಿಯಹೇಳುವುದು ಉತ್ತಮ.