ಹೆಬ್ಬೆರಳು ಚೀಪುವ ಅಭ್ಯಾಸ ಮತ್ತು ಮಕ್ಕಳ ಹಲ್ಲು

ಆಲದೆಲೆಯ ಮೇಲೆ ಮಲಗಿ ಕಾಲ್ಬೆರಳು ಚೀಪುವ ಬಾಲಕೃಷ್ಣನನ್ನು ಕಂಡು ನಾವು ಕೈಮುಗಿಯುತ್ತೇವೆ. ಚೀಪುವುದು ಶಿಶುವಿನ ಹುಟ್ಟುಗುಣ. ಗರ್ಭದಲ್ಲಿರುವಾಗಲೇ ಅದು ಬೆರಳು ಚೀಪುವುದುಂಟು. ಬಹುಪಾಲು ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಇದನ್ನು ಬಿಡುತ್ತಾರೆ. ಅಲ್ಲಿಯವರೆಗೆ ತಂದೆತಾಯಿಯರು ಆತಂಕಪಡಬೇಕಾಗಿಲ್ಲ.

ಆ ಬಳಿಕವೂ ಅಭ್ಯಾಸ ಮುಂದುವರಿದರೆ ಹಾನಿಯುಂಟು. ಹೆಬ್ಬೆರಳು ಮೇಲಿನ ಬಾಚಿಹಲ್ಲುಗಳನ್ನು ಮುಂದಕ್ಕೂ ಕೆಳಗಿನವನ್ನು ಒಳಕ್ಕೂ ತಳ್ಳುತ್ತದೆ. ದವಡೆಹಲ್ಲುಗಳು ಕೂಡಿದರೂ ಮುಂದಿನ ಹಲ್ಲುಗಳು ಕೂಡದೆ ನಡುವೆ ತೆರಪು ಉಳಿಯುತ್ತದೆ. ಕೆನ್ನೆಗಳ ಒತ್ತಡದಿಂದ ಮೇಲ್ದವಡೆ ಕಿರಿದಾಗುತ್ತದೆ. ಸಕಾರದ ಉಚ್ಚಾರಣೆಯೂ ಕೆಡಬಹುದು. ಮೆಲುವಾದ ಒತ್ತಡವೂ ಬಹಳ ಹೊತ್ತು ಉಳಿದರೆ ಹಲ್ಲನ್ನು ಸರಿಸಬಲ್ಲದು. ಆದುದರಿಂದ ನಿದ್ರೆಯಲ್ಲಿ ಗಂಟೆಗಟ್ಟಲೆ ಚೀಪುವುದೇ ಹೆಚ್ಚು ಅಪಾಯಕರ. ಸುಮಾರು 6ನೆಯ ವರ್ಷದಲ್ಲಿ ಶಾಶ್ವತ ಹಲ್ಲುಗಳು ಮೂಡುವ ಮೊದಲೇ ಬಿಟ್ಟರೆ ಮುಂದಿನ ಹಲ್ಲುಗಳ ದೋಷ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ.

ವರ್ಗವಾಗಿ ಶಂಶಾಬಾದಿಗೆ ಬಂದ ನಮ್ಮಂಥವರ ಮನೆಯಲ್ಲಿ ಅಜ್ಜಿಯ ಮಡಿಲಿಲ್ಲ. ನೆರೆಯ ಮಕ್ಕಳ ಮಾತು ಬೇರೆ. ಒಂಟಿಯಾದ ಮಗುವಿಗೆ ಬೆರಳೇ ಆಸರೆ. ನಾನೂ ಮಗಳ ಬೆರಳಿಗೆ ಬೇವಿನ ರಸ ಹಚ್ಚಿ ಗದರಿಸಿದವನೇ. ಅವಳು ಹೊದಿಕೆಯೊಳಗೆ ಅಡಗಿ ಚೀಪತೊಡಗಿದಳು. ಚೀಪದಿದ್ದ ದಿನ ಹೊಗಳಿಕೆ, ಕೈಗೊಂದು ಕೆಲಸ, ಮಲಗುವಾಗ ಒಂದು ಕನ್ನಡ ಕಥೆ: ಇವು ಫಲಿಸಿದವು. 4 ವರ್ಷ ಮೀರಿಯೂ ಅಭ್ಯಾಸ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಿರಿ. ಮಗುವನ್ನು ಮಾತ್ರ ಹಳಿಯದಿರಿ.