ಬೇಡ ಎಂದ ಮೇಲೆ

ಕಾಲೇಜು, ಕೆಲಸ ಅಂತ ಮನೆಯಿಂದ ಹೊರಟು ನಿಂತಿರುವ ಮಕ್ಕಳೇ, ಓದು, ಊಟ, ದುಡ್ಡಿನ ಬಗ್ಗೆ ನಿಮಗೆ ಬುದ್ಧಿಮಾತು ಬೇಕಾದಷ್ಟು ಸಿಕ್ಕಿರುತ್ತದೆ. ವಕೀಲಿಕೆಯಲ್ಲೇ ತಲೆ ನೆರೆತವಳು ನಾನು, ಮನೆಗಳಲ್ಲಿ ಬಾಯಿಬಿಟ್ಟು ಆಡದ ಮಾತೊಂದನ್ನು ಹೇಳಬೇಕಾಗಿದೆ. ಬೇಡ ಎಂದ ಹುಡುಗಿಯ ಹಿಂದೆ ಬೀಳುವುದು ಅಪರಾಧ. ಆ ಕಾಟವನ್ನು ಗುಟ್ಟಾಗಿ ನುಂಗಿಕೊಳ್ಳುವುದು ಅಪಾಯ.

ಮೊದಲು ಹುಡುಗರಿಗೆ. ತಮ್ಮಾ, ನಮ್ಮ ಸಿನಿಮಾಗಳಲ್ಲಿ ನಾಯಕ ಬಸ್‌ಸ್ಟಾಪಿನಲ್ಲಿ ಕಾಯುತ್ತಾನೆ, ಅವಳ ಬೀದಿಯಲ್ಲಿ ಬೈಕು ಸುತ್ತಿಸುತ್ತಾನೆ, ಬೈದರೂ ಬಿಡುವುದಿಲ್ಲ. ಮಧ್ಯಂತರದ ಹೊತ್ತಿಗೆ ಅವಳೇ ಒಲಿಯುತ್ತಾಳೆ. ತೆರೆಯ ಮೇಲೆ ಅದಕ್ಕೆ ಹಾಡು, ತೆರೆಯ ಹೊರಗೆ ಎಫ್‌ಐಆರ್. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹೇಳುವುದಿಷ್ಟು: ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇಪದೇ ಹಿಂಬಾಲಿಸಿ ಸಂಪರ್ಕಿಸಲು ಯತ್ನಿಸಿದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಶಿಕ್ಷೆಯಾದವನು ಮತ್ತೆ ಅದೇ ತಪ್ಪು ಮಾಡಿದರೆ ಐದು ವರ್ಷದವರೆಗೆ, ಆಗ ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಅವಳು ಇಂಟರ್ನೆಟ್, ಇ-ಮೇಲ್ ಹೇಗೆ ಬಳಸುತ್ತಾಳೆಂದು ಕಣ್ಣಿಡುವುದೂ ಇದೇ ಕಲಮಿನಡಿ ಬರುತ್ತದೆ. ನಿನ್ನೆಯವರೆಗೆ ಪ್ರೀತಿಸುತ್ತಿದ್ದಳು, ಪಾಸ್‌ವರ್ಡ್ ಅವಳೇ ಕೊಟ್ಟಿದ್ದಳು ಎಂಬ ಸಮಜಾಯಿಷಿ ಇವತ್ತಿನ ಇಣುಕುನೋಟಕ್ಕೆ ಪರವಾನಗಿಯಲ್ಲ.

ಈ ಕಾನೂನು ಸುಮ್ಮನೆ ಬಂದದ್ದಲ್ಲ. 1996ರ ಜನವರಿಯಲ್ಲಿ ದೆಹಲಿಯ ಕಾನೂನು ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಹಿಂದೆ ಬಿದ್ದಿದ್ದವನ ಮೇಲೆ ಅವಳು ಹಲವು ಸಲ ದೂರು ಕೊಟ್ಟಿದ್ದಳು, ಪೊಲೀಸ್ ಕಾವಲೂ ಸಿಕ್ಕಿತ್ತು. ಹಿಂಬಾಲಿಸುವುದನ್ನೇ ಅಪರಾಧವೆನ್ನುವ ಪ್ರತ್ಯೇಕ ಕಲಮು ಮಾತ್ರ ಆಗ ಇರಲಿಲ್ಲ. ಕೆಳಗಿನ ಕೋರ್ಟು ಆರೋಪಿಯನ್ನು ಬಿಟ್ಟಿತು. 2006ರಲ್ಲಿ ಹೈಕೋರ್ಟು ಅವನೇ ಅಪರಾಧಿ ಎಂದಿತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಹೈಕೋರ್ಟು ಕೊಟ್ಟಿದ್ದ ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಆಗಿನ ದಂಡಸಂಹಿತೆಗೆ ಹಿಂಬಾಲಿಸುವುದನ್ನು ಅಪರಾಧವೆನ್ನುವ 354ಡಿ ಕಲಮು ಸೇರಿತು. 2024ರ ಜುಲೈ 1ರಿಂದ ಅದೇ ನ್ಯಾಯ ಸಂಹಿತೆಯ 78ನೇ ಕಲಮಾಗಿ ಮುಂದುವರಿದಿದೆ. 2013ರ ಆ ತಿದ್ದುಪಡಿ ಮಸೂದೆಯ ಚರ್ಚೆಯ ದಿನ ಲೋಕಸಭೆಯಲ್ಲೇ ಹಿರಿಯ ಸದಸ್ಯರೊಬ್ಬರು, ಹುಡುಗಿಯರ ಹಿಂದೆ ಹೋಗದವರು ನಮ್ಮಲ್ಲಿ ಯಾರಿದ್ದಾರೆ ಎಂಬರ್ಥದಲ್ಲಿ ಕೇಳಿದ್ದರು. ಕಾನೂನು ಬದಲಾಯಿತು. ಆ ನಗೆಚಾಟಿಕೆ ಇನ್ನೂ ಬದಲಾಗಬೇಕಾಗಿದೆ.

ಇನ್ನು ನಿನಗೆ, ಮಗಳೇ. ಬೇಡ ಎನ್ನುವುದನ್ನು ಒಂದು ಸಲ ನೇರವಾಗಿ ಹೇಳಿಬಿಡು. ಕಾರಣ ಕೊಡಬೇಕಿಲ್ಲ, ಕ್ಷಮೆ ಕೇಳಬೇಕಿಲ್ಲ. "ಈಗ ಓದು ಮುಖ್ಯ", "ಮನೆಯಲ್ಲಿ ಒಪ್ಪಲ್ಲ" ಎಂದರೆ ಅವನಿಗೆ ಅದರಲ್ಲೂ ಆಸೆ ಕಾಣುತ್ತದೆ. "ನನಗೆ ಇಷ್ಟವಿಲ್ಲ, ಇನ್ನು ಸಂಪರ್ಕಿಸಬೇಡ" ಎಂದು ಮೆಸೇಜಿನಲ್ಲಿ ಬರೆದರೆ ಮುಂದೆ ಕೋರ್ಟಿನಲ್ಲಿ ಅದೇ ನಿನ್ನ ಸಾಕ್ಷಿ. ಎದುರಿಗೆ ಹೇಳಲು ಹೆದರಿಕೆಯಾದರೆ ಹೇಳುವ ಸಾಹಸ ಬೇಡ, ಮುಖ ತಿರುಗಿಸಿ ಹೋಗುವುದೂ ಉತ್ತರವೇ. ಅದಾದ ಮೇಲೆ ವಾದಕ್ಕಿಳಿಯಬೇಡ. ಕೊನೆಯ ಸಲ ಮಾತಾಡೋಣ ಬಾ ಎಂದರೆ ಒಬ್ಬಳೇ ಹೋಗಲೇಬೇಡ.

ಸಿಟ್ಟಿನಲ್ಲಿ ಮೆಸೇಜು ಅಳಿಸಿಹಾಕುವುದು ಎಲ್ಲರೂ ಮಾಡುವ ಕೆಲಸ. ನೀನು ಹಾಗೆ ಮಾಡಬೇಡ. ಸ್ಕ್ರೀನ್‌ಶಾಟ್ ತೆಗೆದು ಮನೆಯವರೊಬ್ಬರಿಗೆ ಕಳಿಸು, ಮೂಲ ಮೆಸೇಜೂ ಫೋನಿನಲ್ಲಿರಲಿ, ಆಮೇಲೆ ಬ್ಲಾಕ್ ಮಾಡು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಜಾಗ, ಜೊತೆಗಿದ್ದವರ ಹೆಸರು ಬರೆಯುತ್ತಾ ಹೋಗು. ಕಾನೂನು ಕೇಳುವುದು "ಪದೇಪದೇ" ನಡೆದದ್ದಕ್ಕೆ ಪುರಾವೆ. ಅದನ್ನು ತೋರಿಸುವುದು ಈ ನೋಟ್‌ಬುಕ್ಕೇ. ಅಂಗಡಿ, ಬಸ್‌ಸ್ಟ್ಯಾಂಡುಗಳ ಸಿಸಿಟಿವಿ ದೃಶ್ಯ ಬಹಳ ದಿನ ಉಳಿಯುವುದಿಲ್ಲ, ಆದ್ದರಿಂದ ತಡಮಾಡದೆ ದೂರಿನಲ್ಲೇ ಅದರ ವಿಷಯ ಬರೆ.

ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಸೈಬರ್ ಅಪರಾಧಕ್ಕೆ 1930. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಯಾವ ಠಾಣೆಯೂ ನಿನ್ನನ್ನು ಹಿಂದಕ್ಕೆ ಕಳಿಸುವಂತಿಲ್ಲ, ಎಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಇ-ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಈ ಅಪರಾಧದಲ್ಲಿ ನಿನ್ನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ತಿಳಿಸಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗು. ವಕೀಲರಿಗೆ ದುಡ್ಡಿಲ್ಲವೆಂಬ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆಲ್ಲ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಅದರ ಸಹಾಯವಾಣಿ 15100. ಹದಿನೆಂಟು ತುಂಬದ ಮಕ್ಕಳನ್ನು ಲೈಂಗಿಕ ಉದ್ದೇಶದಿಂದ ಹೀಗೆ ಕಾಡಿದರೆ ಪೋಕ್ಸೊ ಕಾಯ್ದೆಯಿದೆ, ಅದು ಗಂಡುಮಗುವಿಗೂ ಅನ್ವಯಿಸುತ್ತದೆ.

ಸುಳ್ಳು ಭರವಸೆ ಕೊಡಲಾರೆ. ಮೊದಲ ಸಲದ ಅಪರಾಧಕ್ಕೆ ಜಾಮೀನು ಸಿಗುತ್ತದೆ, ಅವನು ಬೇಗ ಹೊರಗೆ ಬರುತ್ತಾನೆ. ಹಾಗೆಂದು ಕೈಚೆಲ್ಲಬೇಡ. ಶಾಂತಿ ಕಾಪಾಡುತ್ತೇನೆಂದು ಅವನಿಂದ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ, ಪೊಲೀಸರ ಮೂಲಕ ಅದನ್ನು ಕೇಳು. ಕೊಲ್ಲುತ್ತೇನೆ, ಆ್ಯಸಿಡ್ ಹಾಕುತ್ತೇನೆ ಎಂದಿದ್ದರೆ ಆ ಮಾತನ್ನು ಅವನು ಆಡಿದ ಹಾಗೆಯೇ ದೂರಿನಲ್ಲಿ ಬರೆ. ಅಂಥ ಬೆದರಿಕೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. "ಕಿರುಕುಳ ಕೊಡುತ್ತಿದ್ದಾನೆ" ಎಂಬ ಒಂದೇ ಸಾಲಿನ ದೂರಿನಲ್ಲಿ ಇದೆಲ್ಲ ಕಳೆದುಹೋಗುತ್ತದೆ.

2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಯುವತಿಯೊಬ್ಬಳನ್ನು ಬೆಳಗಿನ ಜಾವ ಮನೆಗೇ ನುಗ್ಗಿ ಕೊಲ್ಲಲಾಯಿತು. ಹಿಂದೆ ಬಿದ್ದಿದ್ದವನ ಬೆದರಿಕೆಯ ವಿಷಯ ಪೊಲೀಸರಿಗೆ ಮೊದಲೇ ತಿಳಿಸಿದ್ದೆವು ಎಂದು ಮನೆಯವರು ಹೇಳಿದರು, ಠಾಣೆಯ ಅಧಿಕಾರಿಯ ಅಮಾನತಾಯಿತು. ಆದ್ದರಿಂದಲೇ ಬಾಯಿಮಾತಿನ ದೂರಿಗೆ ತೃಪ್ತಿಪಡಬೇಡ. ಬರಹದಲ್ಲಿ ಕೊಡು, ಸ್ವೀಕೃತಿ ಕೇಳಿ ಪಡೆ.

ತಂದೆ-ತಾಯಂದಿರಿಗೂ ಒಂದು ಮಾತು. ನಮ್ಮ ಹುಡುಗಿಯರು ಸುಮ್ಮನಿರುವುದು ಬಹುಪಾಲು ನಿಮ್ಮ ಹೆದರಿಕೆಯಿಂದ. ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ ಎಂದು ಅವರಿಗೆ ಗೊತ್ತು. ತಪ್ಪು ಅವನದು, ಶಿಕ್ಷೆ ಮಗಳಿಗೆ ಎಂದಾದರೆ ಅವಳು ಯಾಕೆ ಬಾಯಿಬಿಟ್ಟಾಳು? ಕಾಟ ಕೊಡುವವನಿಗೆ ಆ ಮೌನವೇ ಬಂಡವಾಳ. ಮಗಳು ಬಂದು ಹೇಳಿದ ದಿನ "ನೀನೇನು ಮಾಡಿದೆ?" ಎಂದು ಕೇಳದೆ ಅವಳ ಜೊತೆ ಠಾಣೆಗೆ ನಡೆಯಿರಿ.

ಮತ್ತೆ ಹುಡುಗರೇ, ನೀವು ಹಿಂದೆ ಬೀಳುವವರಲ್ಲದೆ ಇರಬಹುದು. ಆದರೆ ಅವಳ ನಂಬರು ಕೊಡುವವನು, ಬಸ್ಸು ಯಾವುದೆಂದು ಹೇಳುವವನು, ಬೈಕಿನ ಹಿಂದೆ ಕೂತು ಹುರಿದುಂಬಿಸುವವನು ಯಾವಾಗಲೂ ಒಬ್ಬ ಗೆಳೆಯನೇ. ಕುಮ್ಮಕ್ಕು ಕೊಟ್ಟವನನ್ನೂ ಕಾನೂನು ಬಿಡುವುದಿಲ್ಲ. ಗೆಳೆಯ ನಂಬರು ಕೇಳಿದರೆ ಕೊಡಬೇಡಿ. "ಅವಳು ಬೇಡ ಅಂದಳಲ್ಲ, ಬಿಡೋ" ಎಂದು ಅವನ ಮುಖಕ್ಕೇ ಹೇಳಿ. ಅವಳನ್ನೂ ಅವನನ್ನೂ ಉಳಿಸಲು ಎಲ್ಲರಿಗಿಂತ ಮೊದಲು ಅವಕಾಶ ಸಿಗುವುದು ನಿಮಗೇ.